ಐದನೇ ನಂಬರಿನ ಅಂಗಿ

ಮನುಷ್ಯ ಸುಳ್ಳು ಹೇಳಿದರೂ ಅವನ ಬಟ್ಟೆ ಹೇಳುವುದಿಲ್ಲ ಎಂದು ನಾನು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಗಲ್ಫಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ಒಂದು ಲಾಂಡ್ರಿಯ ಕೌಂಟರಿನಲ್ಲಿ ಅಷ್ಟು ಕಾಲ ನಿಂತವನಿಗೆ ಬೇರೆ ಎಂತ ನಂಬಿಕೆ ಉಳಿಯುತ್ತದೆ ಮಾರಾಯ್ರೆ? ಬಿಸಿಲಲ್ಲಿ ಸೈಟಿಗೆ ಹೋಗಿದ್ದೆ ಎನ್ನುವವನ ಪ್ಯಾಂಟಿನ ಮಡಿಕೆಯಲ್ಲಿ ಒಂದು ಚಿಟಿಕೆ ಧೂಳಿಲ್ಲ. ಸಿಗರೇಟು ಬಿಟ್ಟೆ ಎಂದು ಹೆಂಡತಿಯೆದುರು ಆಣೆ ಹಾಕಿದವನ ಕಿಸೆಯಲ್ಲಿ ಹೊಗೆಸೊಪ್ಪಿನ ಪುಡಿ ಉಂಟು. ನಾನು ಯಾರಿಗೂ ಏನೂ ಹೇಳುತ್ತಿರಲಿಲ್ಲ, ಟ್ಯಾಗ್ ಹಾಕಿ ಒಳಗೆ ಕಳಿಸುತ್ತಿದ್ದೆ. ಆದರೆ ಮನಸ್ಸಿನಲ್ಲಿ ಗಿರಾಕಿಗಳಿಗೆಲ್ಲ ಒಂದೊಂದು ಹೆಸರು ಇಟ್ಟಿದ್ದೆ, ಅದರಲ್ಲಿ ಒಂದೂ ಒಳ್ಳೆಯ ಹೆಸರಲ್ಲ.

ಚಳಿಗಾಲದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಲ್ಲಿಗೆ ಒಂದು ದೊಡ್ಡ ಚೀಲ ಬರುತ್ತಿತ್ತು. ರಗ್ಬಿ ಲೀಗ್ ಆಡುವ ಒಂದು ತಂಡದ ಅಂಗಿಗಳು. ಶನಿವಾರ ಆಟ, ಭಾನುವಾರ ಒಗೆತ. ತಂಡದ ಮ್ಯಾನೇಜರ್, ಆಸ್ಟ್ರೇಲಿಯಾದ ಒಬ್ಬ ದಡೂತಿ ಮುದುಕ, ಚೀಲವನ್ನು ಹೊತ್ತು ತಂದು ನನ್ನ ಮೇಜಿನ ಮೇಲೆ ಸುರಿದು ಹೋಗುತ್ತಿದ್ದ. ಹದಿಮೂರು ಮಂದಿ ಒಂದು ಕಡೆ, ಹದಿಮೂರು ಮಂದಿ ಇನ್ನೊಂದು ಕಡೆ, ನಡುವೆ ಮೊಟ್ಟೆಯಾಕಾರದ ಒಂದು ಚೆಂಡು. ಅಷ್ಟು ಬಿಟ್ಟರೆ ಆ ಆಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಗೊತ್ತಿರಬೇಕೆಂದೂ ಇರಲಿಲ್ಲ, ಅಂಗಿಗಳೇ ಹೇಳುತ್ತಿದ್ದವು. ಎಂಟನೇ ನಂಬರು, ಹತ್ತನೇ ನಂಬರು ಎಂದರೆ ಗುದ್ದಾಡುವ ಜನ: ಕಾಲರ್ ಹಿಗ್ಗಿರುತ್ತದೆ, ಹೆಗಲಿನ ಹೊಲಿಗೆ ಬಿಟ್ಟಿರುತ್ತದೆ, ಕೆಸರು, ರಕ್ತ, ನೋವಿನ ಎಣ್ಣೆಯ ಘಾಟು. ಐದನೇ ನಂಬರಿನ ಅಂಗಿ ಮಾತ್ರ ನಾನು ಇಸ್ತ್ರಿ ಮಾಡಿ ಕೊಟ್ಟದ್ದನ್ನು ಹಾಗೆಯೇ ವಾಪಸ್ ಕಳಿಸಿದ ಹಾಗೆ. ಬೆನ್ನಲ್ಲಿ ಸ್ವಲ್ಪ ಬೆವರು, ಎದೆಯಲ್ಲಿ ಹೆಚ್ಚು ಮಣ್ಣಿಲ್ಲ. ಅದು ಸಾಲದು ಎಂದು ಕೆಲವು ವಾರ ಪಕ್ಕೆಯಲ್ಲಿ ಉದ್ದಕ್ಕೆ ಬಿಳಿ ಪೈಂಟಿನ ಕಲೆ. ಬ್ರಶ್ಶು ಹಾಕಿ ತಿಕ್ಕಿದರೂ ಬೇಗ ಹೋಗುವುದಿಲ್ಲ. ಎಲ್ಲರೂ ಹೊಡೆದಾಡುವಾಗ ಇವನು ಹೊಸ ಪೈಂಟಿನ ಗೋಡೆಗೆ ಒರಗಿ ಹರಟೆ ಹೊಡೆಯುತ್ತಾನೆ ಎಂದು ನಾನು ತೀರ್ಮಾನ ಮಾಡಿದೆ. ಅವನಿಗೆ ಮೈಗಳ್ಳ ಎಂದು ಹೆಸರಿಟ್ಟೆ.

ಅದೇ ಚಳಿಗಾಲದಲ್ಲಿ ನನ್ನ ಮಗಳಿಗೆ ಒಂದು ಪ್ರಪೋಸಲ್ ಬಂತು. ಅವಳಿಗೆ ಇಪ್ಪತ್ತೇಳು ವರ್ಷ, ನಮ್ಮ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸ. ಇಲ್ಲಿ ರಜೆಯ ದಿನವಾದ ಶುಕ್ರವಾರ ಚರ್ಚ್ ಮುಗಿದ ಮೇಲೆ ಐನ್ ಖಾಲಿದ್ ಬಡಾವಣೆಯ ವಿಲ್ಲಾದಲ್ಲಿರುವ ಒಬ್ಬ ಹೆಂಗಸು, ಉಡುಪಿ ಕಡೆಯವರು, ನಮ್ಮ ಹಾಗೆಯೇ ಕೊಂಕಣಿ ಮಾತಾಡುವವರು, ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ತನ್ನ ಮಗನಿಗೆ ಕೇಳಿದರಂತೆ. ಹುಡುಗ ಎಂಜಿನಿಯರ್, ಇಲ್ಲೇ ಹುಟ್ಟಿ ಬೆಳೆದವನು. ನನಗೆ ತಕ್ಷಣ ಸಂಶಯ ಬಂತು. ಅಷ್ಟು ಅನುಕೂಲಸ್ಥರಿಗೆ ಲಾಂಡ್ರಿಯವನ ಮಗಳು ಯಾಕೆ? ಏನೋ ಐಬು ಇರಲೇಬೇಕು.

ಹೆಂಡತಿ ಫೋನಿನಲ್ಲಿ ಅವನ ಫೋಟೊ ತೋರಿಸಿದಳು. ಮೈದಾನದಲ್ಲಿ ತಿರುಗಿ ನೋಡಿ ನಗುತ್ತಿದ್ದಾನೆ. ಮೈಮೇಲೆ ಕಡುಕೆಂಪು ಅಂಗಿ, ಬೆನ್ನ ಮೇಲೆ ಐದು.

"ಈ ಅಂಗಿ ಒಗೆಯುವುದು ನಾನೇ" ಎಂದೆ.

"ಒಳ್ಳೆಯದೇ ಆಯಿತಲ್ಲ, ಪರಿಚಯ ಆದ ಹಾಗಾಯಿತು."

"ಪರಿಚಯ ಚೆನ್ನಾಗಿಯೇ ಉಂಟು. ಇವನು ಮೈಗಳ್ಳ. ಒಂದು ತಿಂಗಳು ಸಮಯ ಬೇಕು ಅಂತ ಹೇಳು."

"ನಿಮಗೆ ಮಂಡೆ ಸಮ ಉಂಟಾ? ಅಂಗಿ ನೋಡಿ ಯಾರಾದರೂ ಅಳಿಯನನ್ನು ಹುಡುಕುತ್ತಾರಾ?"

ಮಗಳು ಊಟದ ಮೇಜಿನ ಆಚೆ ಕೂತಿದ್ದಳು. ಅವಳ ಮುಖ ನೋಡಿದೆ. "ನಿಮ್ಮಿಷ್ಟ ಪಪ್ಪ" ಎಂದಳು, ಅಷ್ಟೆ. ನನಗೆ ಹೆಮ್ಮೆಯಾಯಿತು. ನನ್ನ ಮಗಳು ನನ್ನ ಹಾಗೆಯೇ, ಆತುರಕ್ಕೆ ಬೀಳುವವಳಲ್ಲ ಎಂದುಕೊಂಡೆ.

ಮುಂದಿನ ಮೂರು ಭಾನುವಾರ ಮ್ಯಾನೇಜರ್ ಚೀಲ ಸುರಿದು ಇನ್ನೂ ಅಲ್ಲೇ ನಿಂತಿರುವಾಗಲೇ ಐದನೇ ನಂಬರನ್ನು ಹೊರಗೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಾಲರ್ ನೋಡಿದೆ, ತೋಳು ನೋಡಿದೆ, ಕುಡಿತದ ವಾಸನೆ ಉಂಟಾ ಎಂದು ಮೂಸಿಯೂ ನೋಡಿದೆ. ಮೂರನೇ ವಾರ ತಡೆಯದೆ ಮ್ಯಾನೇಜರನ್ನೇ ಕೇಳಿದೆ, ಈ ಐದನೇ ನಂಬರಿನವನು ಮಾಡುವುದಾದರೂ ಎಂತ?

"ವಿಂಗ್" ಎಂದ. "ಮೈದಾನದ ಅಂಚಿನಲ್ಲಿ ನಿಲ್ಲುತ್ತಾನೆ."

"ನಿಂತು?"

"ಕಾಯುತ್ತಾನೆ."

ಅಷ್ಟು ಸಾಕಾಯಿತು ನನಗೆ. ಆದರೂ ಕಣ್ಣಾರೆ ನೋಡಿಯೇ ಬೇಡ ಎನ್ನಬೇಕು, ನಾಳೆ ಯಾರೂ ಬೆರಳು ತೋರಿಸಬಾರದು. ನಾಲ್ಕನೇ ಶನಿವಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೆಷಿನ್ ರಿಪೇರಿ ಉಂಟು ಎಂದು ಹೆಂಡತಿಗೆ ಸುಳ್ಳು ಹೇಳಿ, ಸಂಜೆ ನಾಲ್ಕು ಗಂಟೆಗೆ ಮೈದಾನದ ಬೇಲಿಯ ಹೊರಗೆ ಹೋಗಿ ನಿಂತೆ.

ಮೊದಲ ಕಾಲು ಗಂಟೆ ನಾನು ಹೇಳಿದ್ದೇ ಸರಿ ಎನಿಸಿತು. ನಡುವಿನ ಆರೇಳು ಜನ ಚೆಂಡು ಹಿಡಿದುಕೊಂಡು ಗೂಳಿಗಳ ಹಾಗೆ ನುಗ್ಗುತ್ತಾರೆ, ಬೀಳುತ್ತಾರೆ, ಏಳುತ್ತಾರೆ. ಇವನು ದೂರದಲ್ಲಿ ಒಬ್ಬನೇ. ಪ್ರತಿ ಸಲವೂ ಅವರ ಜೊತೆ ಮುಂದೆ ಓಡುತ್ತಾನೆ, ಕೈ ಚಾಚುತ್ತಾನೆ, ಚೆಂಡು ಬರುವುದಿಲ್ಲ. ಮತ್ತೆ ಹಿಂದಕ್ಕೆ ಓಡುತ್ತಾನೆ. ಸ್ವಂತ ತಂಡದವರಿಗೇ ಇವನ ಮೇಲೆ ನಂಬಿಕೆ ಇಲ್ಲ, ನನ್ನ ಮಗಳನ್ನು ಹೇಗೆ ನಂಬಿ ಕೊಡುವುದು?

ಆಮೇಲೆ ಎದುರಾಳಿಗಳು ಚೆಂಡನ್ನು ಆಕಾಶಕ್ಕೆ ಒದೆಯಲು ಶುರು ಮಾಡಿದರು, ಅದೂ ಇವನ ಕಡೆಗೇ. ಚೆಂಡು ಮೇಲಿಂದ ಇಳಿಯುವಷ್ಟರಲ್ಲಿ ಮೂವರು ದಾಂಡಿಗರು ಇವನತ್ತ ಓಡಿ ಬರುತ್ತಿದ್ದಾರೆ. ಇವನು ಅವರನ್ನು ನೋಡುವ ಹಾಗಿಲ್ಲ, ಕಣ್ಣು ಚೆಂಡಿನ ಮೇಲೇ ಇರಬೇಕು. ಹಾರಿ ಹಿಡಿದ. ಹಿಡಿದ ಕೂಡಲೇ ಮೂವರೂ ಸೇರಿ ಎತ್ತಿ ಒಗೆದರು. ಅವನು ಪಕ್ಕೆ ನೆಲಕ್ಕೆ ಉಜ್ಜುತ್ತ ಮೈದಾನದ ಅಂಚಿನ ಬಿಳಿ ಗೆರೆಯ ಮೇಲೆ ಜಾರಿಕೊಂಡು ಹೋದ. ಎದ್ದಾಗ ಅಂಗಿಯ ಪಕ್ಕದಲ್ಲಿ ಉದ್ದಕ್ಕೆ ಬಿಳಿ ಪೈಂಟು. ನನಗೆ ನಾಚಿಕೆಯಾಯಿತು, ಹೇಳಿಬಿಡುತ್ತೇನೆ.

ಹಾಗೆ ಐದು ಸಲ ಹಿಡಿದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಆರನೆಯದು ಕೈಯಿಂದ ಜಾರಿತು, ಎದುರಾಳಿ ಎತ್ತಿಕೊಂಡು ಹೋಗಿ ಪಾಯಿಂಟ್ ಮಾಡಿದ. ಆಗ ಮಾತ್ರ ಇಡೀ ಮೈದಾನ ಅವನ ಮುಖ ನೋಡಿತು. ಬೇಲಿಯ ಹತ್ತಿರ ಬಂದಿದ್ದ ಮ್ಯಾನೇಜರ್ ನನ್ನನ್ನು ನೋಡಿ ತಲೆಯಾಡಿಸಿದ. "ನಡುವಿನವನು ತಪ್ಪಿದರೆ ಪಕ್ಕದವನು ಹಿಡಿಯುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ. ಅಂಚಿನವನ ಪಕ್ಕದಲ್ಲಿ ಯಾರಿದ್ದಾರೆ?" ಎಂದ. "ಎಲ್ಲರೂ ಹೊಗಳುವುದು ನಡುವಿನವರನ್ನು. ಆ ಅಂಚಿಗೆ ಗಟ್ಟಿ ಮನುಷ್ಯ ಸಿಗದೆ ನಾನು ಎರಡು ವರ್ಷ ಒದ್ದಾಡಿದ್ದೇನೆ."

ವಿಂಗಿನವನಿಗೆ ಬೆಲೆ ಉಂಟಾ ಇಲ್ಲವಾ ಎಂದು ಆ ಆಟ ಬಲ್ಲವರು ವಾದ ಮಾಡುತ್ತಾರಂತೆ. ನನ್ನನ್ನು ಕೇಳಿದರೆ, ಬೆಲೆ ಕೊಡದವರಲ್ಲಿ ನಾನೇ ಮೊದಲಿನವನು. ಮಣ್ಣು ಮೆತ್ತಿದವನೇ ದುಡಿಯುವವನು ಎಂದು ನಾನು ತಿಳಿದಿದ್ದೆ. ಗಂಟೆಗಟ್ಟಲೆ ಬರಿದೇ ಓಡಿ, ಒಂದು ನಿಮಿಷಕ್ಕಾಗಿ ಮೈ ಕಾದಿರಿಸಿಕೊಳ್ಳುವುದೂ ದುಡಿಮೆ ಎಂದು ನನ್ನ ಕೌಂಟರಿಗೆ ಬರುವ ಯಾವ ಬಟ್ಟೆಯೂ ಹೇಳಿರಲಿಲ್ಲ.

ಆಟ ಮುಗಿದ ಮೇಲೆ ನಾನು ಜಾಗ ಖಾಲಿ ಮಾಡುವುದರೊಳಗೆ ಅವನೇ ಬೇಲಿಯ ಹತ್ತಿರ ಬಂದ. ತುಟಿ ಒಡೆದಿತ್ತು. ಚರ್ಚಿನಲ್ಲಿ ನನ್ನನ್ನು ನೋಡಿದ್ದನೋ ಏನೋ, ಗುರುತು ಹಿಡಿದ.

"ಅಂಕಲ್, ನೀವು ಇಲ್ಲಿ?"

"ಬಟ್ಟೆ ಕೊಡಲಿಕ್ಕೆ ಬಂದೆ" ಎಂದೆ. ನನ್ನ ಎರಡೂ ಕೈ ಖಾಲಿ ಇದ್ದವು.

ಅವನು ನನ್ನ ಕೈ ನೋಡಿದ. "ಮೂರು ವಾರದಿಂದ ನೀವು ನನ್ನ ಅಂಗಿ ಮೂಸಿ ನೋಡುತ್ತಿದ್ದೀರಂತೆ, ಮ್ಯಾನೇಜರ್ ನಗಾಡಿಕೊಂಡು ಹೇಳಿದ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಏನಾದರೂ ಕೇಳಲಿಕ್ಕೆ ಇದ್ದರೆ ನನ್ನನ್ನೇ ಕೇಳಬಹುದಿತ್ತು ಅಂಕಲ್." ಆಮೇಲೆ ಕುಂಟುತ್ತ ತನ್ನವರ ಕಡೆ ಹೋದ.

ಮರುದಿನ ಸಂಜೆ ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಒಂದು ಕೇಕ್ ಕಟ್ಟಿಸಿಕೊಂಡೆ. ಮನೆಯಲ್ಲಿ ತಾಯಿ ಮಗಳು ಇಬ್ಬರೂ ಇದ್ದರು, ಮಗಳು ಸಂಜೆಯ ಡ್ಯೂಟಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದಳು. ಕೇಕಿನ ಡಬ್ಬಿ ಮೇಜಿನ ಮೇಲಿಟ್ಟು, "ಹುಡುಗ ಚಿನ್ನದಂಥವನು. ನನ್ನ ಒಪ್ಪಿಗೆ ಉಂಟು, ಅವರಿಗೆ ಫೋನ್ ಮಾಡು" ಎಂದು ಹೆಂಡತಿಗೆ ಹೇಳಿದೆ.

ಹೆಂಡತಿ ಡಬ್ಬಿ ಬಿಚ್ಚದೆ ಪಕ್ಕಕ್ಕೆ ಸರಿಸಿದಳು. "ಅವರದೇ ಫೋನ್ ಬಂದಿತ್ತು ಮಧ್ಯಾಹ್ನ. ಬೇಡವಂತೆ" ಎಂದಳು.

"ಯಾಕಂತೆ?"

ಉತ್ತರ ಕೊಟ್ಟದ್ದು ಮಗಳು. "ನಿಮ್ಮ ಮೇಲೆ ಅವನಿಗೆ ಬೇಜಾರಿಲ್ಲ ಪಪ್ಪ. ನನ್ನ ಮೇಲೆ ಬೇಜಾರು. 'ಒಂದು ತಿಂಗಳು ನಿನ್ನ ಅಪ್ಪ ನನ್ನನ್ನು ಪರೀಕ್ಷೆ ಮಾಡುವಾಗ, ಅವನು ಒಳ್ಳೆಯವನು ಅಂತ ನೀನು ಒಂದು ಮಾತೂ ಹೇಳಲಿಲ್ಲವಲ್ಲ' ಅಂದ."

"ಹೇಳಬಹುದಿತ್ತಲ್ಲ ಮಗಾ. ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ನನ್ನ ಮೇಲೂ ಅನುಮಾನ ಪಡುತ್ತಿದ್ದಿರಿ."

ಇಲ್ಲ, ಖಂಡಿತ ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಬಾಯಿಂದ ಹೊರಗೆ ಬಂದದ್ದು ಬೇರೆಯೇ.

"ಹಾಗಾದರೆ ಅವನ ಪರಿಚಯ ನಿನಗೆ ಮೊದಲೇ ಇತ್ತಾ?"

ಮಗಳು ತಾಯಿಯ ಮುಖ ನೋಡಿದಳು. ಶೂ ಲೇಸ್ ಕಟ್ಟಿ ಮುಗಿಸಿ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೋದಳು.