ಕಮತಗಿಯಲ್ಲಿ ನಿಲ್ಲುತ್ತಿದ್ದ ಇಳಕಲ್ ಬಸ್ಸು

ಗುಳೇದಗುಡ್ಡದ ಆ ಓಣಿಯಲ್ಲಿ ಯಾರೇ ಪರವೂರಿಗೆ ಹೊರಟರೂ ಮೊದಲು ಮಾಸುಮಬಿಯನ್ನು ಕೇಳುತ್ತಿದ್ದರು. ಐವತ್ತೆಂಟರ ಈ ಹೆಂಗಸು ಹದಿನೆಂಟು ವರ್ಷದಿಂದ ಮಂಗಳವಾರ, ಶನಿವಾರ ತಪ್ಪದೆ ರವಿಕೆ ಖಣದ ಗಂಟು ಹೊತ್ತು ಇಳಕಲ್ಲಿನ ಸೀರೆ ಅಂಗಡಿಗಳಿಗೆ ಹೋಗಿಬರುವವಳು. ಶುಕ್ರವಾರ ಬಾದಾಮಿ ಕಡೆಯಿಂದ ಬರುವ ಬಸ್ಸು ಹತ್ತಬಾರದು, ಬನಶಂಕರಿಗೆ ಹೋದವರಿಂದ ಕಾಲಿಡಲು ಜಾಗ ಇರುವುದಿಲ್ಲ. ಹುನಗುಂದಕ್ಕೆ ಕೋರ್ಟಿನ ಕೆಲಸವಿದ್ದರೆ ಬಾಗಲಕೋಟೆ ಸುತ್ತಿ ಹೋಗುವ ಹುಚ್ಚುತನ ಮಾಡಬಾರದು. ಎಲ್ಲವೂ ನಾಲಿಗೆಯ ತುದಿಯಲ್ಲಿ. ಅದರ ಬಗ್ಗೆ ಅವಳಿಗೆ ಒಂಚೂರು ಜಂಭವೂ ಇತ್ತು, ಯಾಕಿರಬಾರದು?

ಪಕ್ಕದ ಮನೆಯಲ್ಲಿ ಖಣ ನೇಯುವ ಗುರುಲಿಂಗವ್ವನ ಮಗಳು ಬಸವೇಶ್ವರಿಗೆ ಇಳಕಲ್ಲಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹುಡುಗಿಯನ್ನು ಅಲ್ಲೇ ಇಡೋಣವೆಂದರೆ ಸಂಜೆ ತಾಯಿಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವರು ಬೇರೆ ಯಾರೂ ಇರಲಿಲ್ಲ. ಸೀಟು ಬಿಡುವುದೇ ಸರಿ ಎಂದು ಗುರುಲಿಂಗವ್ವ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಮಾಸುಮಬಿ ಗದರಿಸಿದಳು.

"ಅಳೂದೇನೈತಿ ಅದರಾಗ? ಮುಂಜಾನಿ ಏಳೂ ನಲವತ್ತರ ಬಸ್ ಹತ್ತಲಿ. ಕಮತಗ್ಯಾಗ ಇಳದ್ರ ಬಾಗಲಕೋಟಿಯಿಂದ ಬಂದ ಇಳಕಲ್ ಬಸ್ ನಿಂತಿರತೈತಿ. ಒಂಬತ್ತೂವರಿ ಅನ್ನೂದ್ರಾಗ ಕಾಲೇಜು. ನಾ ಅದೀನಿ, ಜವಾಬ್ದಾರಿ ನಂದು."

ಆ ಮಾತಿನ ಮೇಲೆ ಸೀಟು ಉಳಿಯಿತು. ಒಂದೂವರೆ ತಿಂಗಳು ಆಗಿರಲಿಕ್ಕಿಲ್ಲ, ಬಸವೇಶ್ವರಿ ಮುಖ ಊದಿಸಿಕೊಂಡು ಬಂದು ನಿಂತಳು. ವಾರದಲ್ಲಿ ನಾಲ್ಕು ದಿನ ತಡವಂತೆ, ಹಾಜರಿ ಸಾಲದಂತೆ. ಬರುವ ತಿಂಗಳೂ ಹೀಗೇ ಆದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದ್ದಾರಂತೆ.

"ಆ ಬಸ್ ಇರೂದಿಲ್ರಿ ಅಮ್ಮಾ. ನೀವು ಬಂದ ದಿನ ಅಷ್ಟ ಇರತೈತಿ."

"ಬಸ್ಸಿಗೇನು ಗೊತ್ತ ನಾ ಬಂದದ್ದು? ಇಳಿಯೂದ್ರಾಗ ಸಾವಕಾಶ ಮಾಡ್ತೀಯ ನೀ. ಫೋನ್ ನೋಡ್ಕೋತ ಕುಂತಿರ್ತಿ!"

ಹುಡುಗಿ ಚೀಲ ಎತ್ತಿಕೊಂಡು ಹೋದಳು. ಮಾಸುಮಬಿಗೆ ಮಾತ್ರ ಸಮಾಧಾನವಾಗಲಿಲ್ಲ. ಮರುದಿನ ಬುಧವಾರ, ಗಂಟು ಗಿಂಟು ಏನೂ ಇಲ್ಲದೆ ನಸುಕಿನ ಮೊದಲ ಬಸ್ಸಿಗೇ ಕಮತಗಿಗೆ ಹೋಗಿ ಚಹಾ ಅಂಗಡಿಯ ಮುಂದೆ ಕುಳಿತಳು. ಯಾರದು ತಪ್ಪೆಂದು ಕಣ್ಣಾರೆ ನೋಡಿಯೇ ಬಿಡೋಣ ಎಂದು.

ಎಂಟೂ ಹತ್ತಕ್ಕೆ ಇಳಕಲ್ ಬಸ್ಸು ಬಂತು. ಡ್ರೈವರ್ ಹಣಮಪ್ಪ ಅವಳನ್ನು ಕಂಡು ಕಿಟಕಿಯಿಂದಲೇ ನಕ್ಕ. "ಏನ್ರಿ ಯಕ್ಕಾ, ಇವತ್ತ ಬುಧವಾರ! ವಾರ ಮರತ ಬಂದ್ರೇನು? ಹತ್ರಿ ಲಗೂನ."

"ಗುಳೇದಗುಡ್ಡದ ಬಸ್ ಬರಲಿ, ನಿಂದರಪ್ಪಾ."

"ಅದಕ್ಯಾಕ ನಿಂದರ್ಲಿ? ನೀವು ಇಲ್ಲೇ ಅದೀರಲ್ಲ!"

ಹಣಮಪ್ಪ ಪಾಪ, ದೊಡ್ಡ ವಿಷಯವೆಂದು ತಿಳಿಯದೆ ಹೇಳುತ್ತಾ ಹೋದ. ಗುಳೇದಗುಡ್ಡದ ಬಸ್ಸು ಬರುವುದು ಎಂಟೂ ಹದಿನೇಳಕ್ಕೆ. ಮಂಗಳವಾರ, ಶನಿವಾರ ಗಂಟಿನ ಅಮ್ಮ ಬರುತ್ತಾಳೆ, ನಿಲ್ಲಿಸು ಎಂದು ಹಿಂದಿನ ಡ್ರೈವರ್ ಇವನಿಗೆ ಹೇಳಿಹೋಗಿದ್ದ. ಅವನಿಗೆ ಅವನ ಹಿಂದಿನವನು ಹೇಳಿದ್ದ. ತಡವಾದದ್ದನ್ನು ಹುನಗುಂದ ದಾಟುವುದರೊಳಗೆ ಓಡಿಸಿ ಸರಿಮಾಡಿಕೊಳ್ಳುತ್ತಿದ್ದರು. "ಉಳದ ದಿನ ಯಾರಿಗಂತ ನಿಂದರಸೂದ್ರಿ?" ಎಂದು ಹಾರ್ನ್ ಹೊಡೆದು ಹೊರಟೇ ಹೋದ.

ಏಳು ನಿಮಿಷದ ಮೇಲೆ ಗುಳೇದಗುಡ್ಡದ ಬಸ್ಸು ಬಂತು. ಬಸವೇಶ್ವರಿ ಬಾಗಿಲಲ್ಲೇ ನಿಂತಿದ್ದಳು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಜಿಗಿದು ಖಾಲಿ ರಸ್ತೆಯ ಕಡೆ ಓಡಿದಳು. ಅದನ್ನು ನೋಡಿ ಮಾಸುಮಬಿ ಎದ್ದು ನಿಂತಳು. ಯಾ ಅಲ್ಲಾ, ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದೇನು ತಾನು? ಇಲ್ಲದ ಬಸ್ಸಿನ ಭರವಸೆ ಕೊಟ್ಟು ಎಷ್ಟು ಮಂದಿಯನ್ನು ಈ ಬಿಸಿಲಲ್ಲಿ ನಿಲ್ಲಿಸಿದ್ದಾಳೋ! ಹೋಗಿ ಹುಡುಗಿಯ ಕೈ ಹಿಡಿದುಕೊಂಡು, "ತಪ್ಪು ನಂದವಾ, ನಿನಗ ಸುಮ್ಮನ ಬೈದ್ನಿ" ಎಂದಳು.

ಮರುದಿನವೇ ಬಾಗಲಕೋಟೆಗೆ ಹೋಗಿ ಬಸ್ಸಿನ ವೇಳೆ ನೋಡಿಕೊಳ್ಳುವ ಅಧಿಕಾರಿ ಪ್ರವೀಣಕುಮಾರರ ಮುಂದೆ ಕುಳಿತಳು. ಇಳಕಲ್ ಬಸ್ಸನ್ನು ದಿನಾ ನಿಲ್ಲಿಸುವ ಮಾತಿಗೆ ಅವರು ಆಗದೆಂದು ತಲೆ ಅಲ್ಲಾಡಿಸಿದರು. ಹುನಗುಂದದಲ್ಲಿ ಅದನ್ನೇ ನಂಬಿ ನಿಂತವರು ಬಸ್ಸು ತುಂಬುವಷ್ಟಿದ್ದರು.

"ಹಂಗಾದ್ರ ನಮ್ಮದನ್ನ ಹತ್ತು ನಿಮಿಷ ಮೊದಲ ಬಿಡ್ರಿ, ಸಾಹೇಬ್ರ."

"ಏಳೂವರಿಗೆ ಬಾದಾಮಿ ಬಸ್ ಬರತೈತಿ. ಅದರಾಗಿನ ಮಂದಿಗೆ ಇದು ತಪ್ಪತೈತಲ್ಲಮ್ಮಾ?"

"ಆ ಬಸ್ಸಿನಾಗಿಂದ ಇಳದು ಕಮತಗಿಗೆ ಹೋಗೂ ಮನಷ್ಯಾನ್ನ ನಾ ಇವತ್ತಿನ ತನಕಾ ನೋಡಿಲ್ರಿ. ಬೇಕಾದ್ರ ಯಾರನ್ನರ ಕಳಿಸಿ ನೋಡ್ರಿ."

ಅವರು ನಿಜಕ್ಕೂ ಆಳು ಕಳಿಸಿ ನೋಡಿದರು. ಹದಿನೈದು ದಿನದ ಮೇಲೆ ಅಪ್ಪಣೆಯಾಯಿತು: ಒಂದು ತಿಂಗಳು ಪ್ರಯೋಗಕ್ಕೆಂದು ಏಳೂವರೆಗೆ ಗುಳೇದಗುಡ್ಡದ ಬಸ್ಸು. ಎಂಟೂ ಹತ್ತರೊಳಗೆ ಕಮತಗಿ ಮುಟ್ಟಿದರೆ ಕಾಯಂ, ಇಲ್ಲದಿದ್ದರೆ ಹಳೆಯ ವೇಳೆಯೇ. ಯಾರಿಗಾಗಿಯೂ ನಿಲ್ಲಿಸುವಂತಿಲ್ಲ. "ನನಗೂ ನಿಂದರಸಬ್ಯಾಡ್ರಿ" ಎಂದು ಮಾಸುಮಬಿಯೇ ಆ ಬಸ್ಸಿನ ಕಂಡಕ್ಟರ್ ಅಕೀಲನಿಗೆ ಹೇಳಿ ಬಂದಳು.

ಹೇಳುವುದೇನೋ ಹೇಳಿದಳು. ಮೊದಲ ಮಂಗಳವಾರವೇ ಒಬ್ಬ ನೇಕಾರ ಖಣ ತಂದುಕೊಡುವುದು ತಡಮಾಡಿದ. ಗಂಟು ಬಗಲಲ್ಲಿಟ್ಟುಕೊಂಡು ಏದುಸಿರು ಬಿಡುತ್ತಾ ನಿಲ್ದಾಣ ಮುಟ್ಟಿದಾಗ ಬಸ್ಸು ಗೇಟು ದಾಟುತ್ತಿತ್ತು. ಕಿಟಕಿಯಿಂದ ಬಸವೇಶ್ವರಿ ನೋಡಿದಳು.

"ಅಕೀಲಣ್ಣಾ, ನಿಂದರಸ್ರಿ! ಅಮ್ಮ ಬರಾಕತ್ತಾಳ!"

ಅಕೀಲ ಸೀಟಿ ಊದಿದ, ಬಸ್ಸು ನಿಂತಿತು. ಇನ್ನು ನಲವತ್ತು ಹೆಜ್ಜೆ. ಗಂಟು ಹೊತ್ತು ಈ ವಯಸ್ಸಿನಲ್ಲಿ ನಡೆದು, ಮೇಲೆ ಏರಿಸಿ, ತಾನೂ ಹತ್ತಬೇಕು. ಹತ್ತುವ ಆಸೆ ಅವಳಿಗೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಇಳಕಲ್ಲಿನ ಅಂಗಡಿಯವರು ಕಾಯುತ್ತಿದ್ದರು. ಆದರೂ ಗಂಟನ್ನು ನೆಲಕ್ಕಿಟ್ಟು ಎರಡೂ ಕೈ ಬೀಸಿದಳು.

"ನಿಂದರಬ್ಯಾಡ್ರೋ! ಹೋಗ್ರಿ! ಹೋಗ್ರಿ ಅಂದ್ನಿ!"

ಬಸ್ಸು ಹೋಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ಅಯ್ಯ, ನಿಂತಿತ್ತಲ್ರಿ, ಯಾಕ ಕಳಿಸಿದ್ರಿ?" ಎಂದು ಅಚ್ಚರಿಪಟ್ಟಳು. ಮಾಸುಮಬಿ ಗಂಟನ್ನು ಪಕ್ಕಕ್ಕೆ ಎಳೆದಳು. ಕಟ್ಟೆಯ ಮೇಲೆ ಕುಳಿತು ಫೋನು ಕೈಯಲ್ಲಿ ಹಿಡಿದುಕೊಂಡಳು. ಎಂಟೂಕಾಲಿಗೆ ಅದು ಹೊಡೆದುಕೊಂಡಿತು. ಗದ್ದಲದ ನಡುವೆ ಬಸವೇಶ್ವರಿಯ ದನಿ.

"ಇಳಕಲ್ ಬಸ್ಸಿನಾಗ ಕುಂತೀನ್ರಿ ಅಮ್ಮಾ. ನೀವಿಲ್ಲದನೂ ಸಿಗ್ತು."

"ಹೂಂ, ಸಿಗಬೇಕಽ" ಎಂದಳು ಮಾಸುಮಬಿ. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು, ಅಷ್ಟು ಜನರ ನಡುವೆ, ಮನಸ್ಸು ತುಂಬಿ ಅತ್ತಳು.