ತೊಟ್ಟಿಲಿಗೆ ಬಂದ ಇರುವೆ ಸಾಲು

ಇರುವೆ ಬಂದಿದೆ ಎಂದು ಯಾರಾದರೂ ಕೂಗಿದರೆ ಸಾಕು, ಗೋವಿಂದಮ್ಮನ ಸೊಂಟನೋವು ಎಲ್ಲಿಗೋ ಓಡಿಹೋಗುತ್ತದೆ. ತಿನ್ನುತ್ತಿದ್ದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು, ಕನ್ನಡಕ ಏರಿಸಿ ಹೊರಟೇಬಿಡುತ್ತಾಳೆ. ತಳಿ ಎಂಬ ಊರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು. ಹುಡುಗಿಯಾಗಿದ್ದಾಗ ಅಂಗಳದಲ್ಲಿ ಒಣಹಾಕಿದ ಕಾಳನ್ನು ಕೋಳಿಯಿಂದಲೂ ಇರುವೆಯಿಂದಲೂ ಕಾದವಳು. ಮಗ ರಮೇಶನ ಫ್ಯಾಕ್ಟರಿ ಕೆಲಸಕ್ಕಾಗಿ ಹೊಸೂರಿನ ವಠಾರಕ್ಕೆ ಬಂದ ಮೇಲೆ ಕಾಯಲು ಕಾಳಿಲ್ಲ ನಿಜ, ಇರುವೆಗೆ ಮಾತ್ರ ಬರವಿಲ್ಲ.

ಅವಳ ಪದ್ಧತಿ ಒಂದೇ. ಮೊದಲು ಕೊಲ್ಲಬಾರದು, ಕೂತು ನೋಡಬೇಕು. ಅದೂ ಬರುವ ಇರುವೆಯನ್ನಲ್ಲ, ಹೋಗುವ ಇರುವೆಯನ್ನು. ಅದು ಹೋಗುವ ದಾರಿ ಗೂಡನ್ನು ತೋರಿಸುತ್ತದೆ. ಬಾಯಲ್ಲಿ ಕಚ್ಚಿಕೊಂಡದ್ದು ಬಂದ ಕಾರಣವನ್ನು ಹೇಳುತ್ತದೆ.

ಆ ಶುಕ್ರವಾರ ಎದುರುಮನೆಯ ಸುಧಾಳ ಕೂಸಿಗೆ ತೊಟ್ಟಿಲ ಶಾಸ್ತ್ರ. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಹೆಸರು ಕರೆಯಬೇಕು. ಸುಧಾಳ ಅತ್ತೆ ಗಂಗಾದೇವಿ ಹಿಂದಿನ ಸಂಜೆಯೇ ಕನಕಪುರದಿಂದ ಬಂದು, ತಾನೇ ಹೊಲಿದ ಹಾಸಿಗೆ, ದಿಂಬನ್ನೆಲ್ಲ ತೊಟ್ಟಿಲಿಗೆ ಹಾಕಿಟ್ಟಿದ್ದರು.

"ಗೋವಿಂದಜ್ಜೀ! ಓಡ್ಬನ್ನಿ! ತೊಟ್ಲು ತುಂಬಾ ಇರುವೆ!"

ಸುಧಾಳ ಕೂಗು ಕೇಳಿ ಗೋವಿಂದಮ್ಮ ಹಾರಿದಂತೆ ಹೋದಳು. ಕೂಸು ತಾಯಿಯ ಹೆಗಲ ಮೇಲಿತ್ತು, ಪುಣ್ಯಕ್ಕೆ ಇನ್ನೂ ಮಲಗಿಸಿರಲಿಲ್ಲ. ತೊಟ್ಟಿಲಲ್ಲಿ ಸಣ್ಣ ಕೆಂಪಿರುವೆಗಳು ಬುಳುಬುಳು ಹರಿಯುತ್ತಿದ್ದವು. ಸುಧಾಳ ಗಂಡ ಪ್ರಮೋದ್ ಸ್ಪ್ರೇ ಡಬ್ಬಿ ಹಿಡಿದು ನಿಂತಿದ್ದ.

"ಒಂದ್ಸಲ ಹೊಡೆದ್ರೆ ಎಲ್ಲಾ ಖಲಾಸ್, ಅಜ್ಜಿ."

"ಮಡಗ್ಲಾ ಅದನ್ನ! ನಿನ್ ಮಗಳು ಉಸಿರಾಡೋ ಜಾಗ ಕಣ್ಲಾ ಅದು!"

"ರಾತ್ರಿ ಯಾರೋ ಲಡ್ಡು ಕೈಯಾಗೆ ತೊಟ್ಲು ತೂಗವ್ರೆ," ಗಂಗಾದೇವಿ ಸೊಸೆಯ ಕಡೆ ನೋಡಿದರು. "ಇರುವೆ ಬರ್ದೆ ಇನ್ನೇನು, ಜವಳಗಿರಿ ಕಾಡಿನ ಆನೆ ಬತ್ತದಾ?"

"ತೂಗಿದ್ದು ನಿಮ್ಮ ಮಗನೇ, ಅತ್ತೆ," ಎಂದಳು ಸುಧಾ.

ಗೋವಿಂದಮ್ಮ ಯಾರ ಮಾತಿಗೂ ಕಿವಿಗೊಡದೆ ಮೊಣಕಾಲೂರಿ ನೆಲ ಹುಡುಕಿದಳು. ಹೊಸ್ತಿಲು ನೋಡಿದಳು, ಬಚ್ಚಲ ತೂತು ನೋಡಿದಳು, ಮೂಲೆಮೂಲೆಗೂ ಟಾರ್ಚ್ ಬಿಟ್ಟಳು. ಸಾಲೇ ಇಲ್ಲ! ತೊಟ್ಟಿಲ ಕೆಳಗೆ ಪ್ರಮೋದ್ ಎಳೆದಿದ್ದ ಇರುವೆ ಸೀಮೆಸುಣ್ಣದ ಗೆರೆ ಹಾಗೇ ಇತ್ತು, ಒಂದಿರುವೆಯೂ ಅದರ ಹತ್ತಿರ ಸುಳಿದಿರಲಿಲ್ಲ. ಗಡಿಯಾರ ಹತ್ತು ಹೊಡೆಯಿತು. ಇವೇನು ಹಾರಿ ಬಂದವೆ?

ಆಗ ಕತ್ತಿನ ಹಿಂದೆ ಚುರ್ ಎಂದಿತು.

ಮುಟ್ಟಿ ನೋಡಿದಳು, ಇರುವೆ. ಕತ್ತೆತ್ತಿದಳು. ತಾರಸಿಯ ಬಿರುಕಿನಿಂದ ತೊಟ್ಟಿಲು ತೂಗುಹಾಕಿದ ಕೊಕ್ಕೆಗೆ, ಕೊಕ್ಕೆಯಿಂದ ಹಗ್ಗಕ್ಕೆ, ಕೆಂಪು ದಾರವೊಂದು ಜೀವ ಬಂದಂತೆ ಹರಿಯುತ್ತಿತ್ತು!

"ಸ್ಟೂಲು ತಾರ್ಲಾ! ಬೇಗ!"

ಪ್ರಮೋದ್ ಸ್ಟೂಲು ಹಿಡಿದುಕೊಂಡ, ಗೋವಿಂದಮ್ಮ ಹತ್ತಿ ಹಗ್ಗಕ್ಕೆ ಕಣ್ಣು ತಾಗಿಸಿದಳು. ಇಳಿಯುವ ಇರುವೆಗಳ ಬಾಯಿ ಖಾಲಿ. ಏರುವ ಒಂದೊಂದರ ಬಾಯಲ್ಲೂ ಅದರ ತಲೆಗಿಂತ ದಪ್ಪನೆಯ ಕಂದು ಕಾಳು.

"ರಾಗಿ!"

ಎಲ್ಲರ ಕಣ್ಣೂ ತೊಟ್ಟಿಲ ದಿಂಬಿನ ಮೇಲೆ ಬಿತ್ತು. ಕೂಸಿನ ತಲೆ ಗುಂಡಗಾಗಲಿ ಎಂದು ತಮ್ಮ ಹೊಲದ ರಾಗಿಯನ್ನೇ ತುಂಬಿ ದಿಂಬು ಹೊಲಿದು ತಂದವರು ಗಂಗಾದೇವಿ. ಸಂಜೆಯಿಂದ ಬಂದವರಿಗೆಲ್ಲ ಅದನ್ನೇ ತೋರಿಸಿದ್ದರು. ಈಗ ದಿಂಬನ್ನು ಎತ್ತಿ ತಿರುಗಿಸಿದರೆ ಮೂಲೆಯ ಹೊಲಿಗೆ ಬಿಟ್ಟಿತ್ತು, ಕಾಳು ಸುರಸುರ ಸುರಿಯಿತು. ಅವರ ಮುಖ ಸಣ್ಣದಾಯಿತು.

"ಇವು ಭಾರೀ ಜಾಣವು ಕಣ್ತಾಯಿ," ಗೋವಿಂದಮ್ಮ ಸ್ಟೂಲಿನ ಮೇಲಿಂದಲೇ ಹೇಳಿದಳು. "ಲಡ್ಡು ತಟ್ಟೆ ಅಲ್ಲೇ ಬಿದ್ದದೆ, ಮೂಸೂ ನೋಡ್ನಿಲ್ಲ. ನಿಮ್ ಹೊಲದ ರಾಗೀನೇ ಬೇಕಂತೆ ಇವಕ್ಕೆ."

ಗಂಗಾದೇವಿ ಗೊಳ್ಳೆಂದು ನಕ್ಕುಬಿಟ್ಟರು. "ಹಂಗಾರೆ ಈ ಸಲದ ಬೆಳೆ ಚೆಂದಾಗೈತೆ ಅನ್ನಿ!"

ಆಮೇಲೆ ನೋಡಬೇಕಿತ್ತು ಆ ಮನೆಯ ಓಡಾಟ! ದಿಂಬು ಕಾಂಪೌಂಡಿನಾಚೆ ಬೇವಿನ ಮರದ ಬುಡಕ್ಕೆ ಹೋಯಿತು. ಪ್ರಮೋದ್ ಹಾಸಿಗೆಯನ್ನು ಬಿಸಿಲಲ್ಲಿ ಪಟಪಟ ಕೊಡವಿದ. ಗಂಗಾದೇವಿ ಅರಿಸಿನದ ನೀರಲ್ಲಿ ಬಟ್ಟೆ ಅದ್ದಿ ತೊಟ್ಟಿಲನ್ನೂ ಹಗ್ಗವನ್ನೂ ಒರೆಸಿದರು. ಗೋವಿಂದಮ್ಮ ಬೇವಿನೆಣ್ಣೆಯಲ್ಲಿ ನೆನೆಸಿದ ಚಿಂದಿಯನ್ನು ಕೊಕ್ಕೆಯ ಕೆಳಗೇ ಹಗ್ಗಕ್ಕೆ ಸುತ್ತಿ ಬಿಗಿದಳು. ದಿಂಬಿಗೆ ಬದಲು ಗಂಗಾದೇವಿ ತಮ್ಮ ಹಳೇ ನೂಲಿನ ಸೀರೆಯನ್ನು ಮೆತ್ತಗೆ ಮಡಿಸಿಟ್ಟರು.

"ರಾಹುಕಾಲಕ್ಕೆ ಇನ್ನೈದೇ ನಿಮಿಷ!" ಪ್ರಮೋದ್ ಕೂಗಿದ.

ಸುಧಾ ಕೂಸನ್ನು ಮಲಗಿಸಿದಳು. ಗಂಗಾದೇವಿ ಬಾಗಿ ಕಿವಿಯಲ್ಲಿ ಮೆಲ್ಲಗೆ, "ಮೇಘಶ್ರೀ... ಮೇಘಶ್ರೀ..." ಎಂದರು.

ಗೋವಿಂದಮ್ಮ ಮಾತ್ರ ಸ್ಟೂಲಿನಿಂದ ಇಳಿದಿರಲಿಲ್ಲ. ಕೊಕ್ಕೆಯಿಂದ ಒಂದಿರುವೆ ಇಳಿದು ಬಂತು. ಎಣ್ಣೆಚಿಂದಿಯ ಅಂಚಿಗೆ ನಿಂತಿತು. ಮೀಸೆ ಆಡಿಸಿತು. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಗಿರ್ರನೆ ತಿರುಗಿತು.

"ವಾಪಸ್ ಹೋಯ್ತು! ಹೋಗ್ಬುಡ್ತು ಕಣ್ರೋ!"

ಕೂಸು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು. ಗಂಗಾದೇವಿ ಕಿವಿಯ ಬಳಿಯಿಂದ ತಲೆ ಎತ್ತದೆಯೇ ಗದರಿದರು:

"ಮೆಲ್ಲಗೆ ಗೋವಿಂದಕ್ಕಾ! ನಾನಿನ್ನೂ ಹೆಸ್ರು ಕರೆದು ಮುಗಿಸಿಲ್ಲ, ನಿಮ್ಮ ಕೂಗೇ ಮೊದ್ಲು ಕೂಸಿನ ಕಿವಿಗೆ ಬಿತ್ತು!"