ಕನ್ನಡಿ ಹಿಡಿದು ಕಲ್ಲು ಓದುವ ಗ್ಲೆಂಡಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಥಾರ್ನ್‌ಶಾ ಊರಿನ ಹಳೆಯ ಸ್ಮಶಾನದ ಒದ್ದೆ ಹುಲ್ಲಿನ ಮೇಲೆ ಗೋಣಿಚೀಲ ಹಾಸಿಕೊಂಡು ಗ್ಲೆಂಡಾ ಸಗ್ಡನ್ ಮಂಡಿಯೂರಿದ್ದಾರೆ. ಪಕ್ಕದಲ್ಲಿ ಬಟ್ಟೆ ಬೀರುವಿನ ಬಾಗಿಲಿನಿಂದ ಬಿಚ್ಚಿ ತಂದ ನಿಲುಗನ್ನಡಿ ಇದೆ. ಎದುರಿಗಿರುವುದು ಮಳೆಗೂ ಗಿರಣಿ ಹೊಗೆಗೂ ಸವೆದು, ಮುಂದಕ್ಕೆ ವಾಲಿದ ಒಂದು ಕಲ್ಲು. ಅವರು ಮಾತ್ರ ಕಲ್ಲಿನ ಕಡೆ ನೋಡುತ್ತಲೇ ಇಲ್ಲ. ಕಣ್ಣೆಲ್ಲ ಪೂರ್ವದ ಗುಡ್ಡದ ಮೇಲೆ ಕವುಚಿಕೊಂಡ ಮೋಡದ ಮೇಲೆ.

"ಹಾಳಾದ್ದು, ಇವತ್ತೂ ಬಿಡೋ ಹಂಗೆ ಕಾಣಲ್ಲ," ಅನ್ನುತ್ತಾರೆ. "ಮೂರು ದಿನದಿಂದ ಇದೇ ಆಟ. ಇವತ್ತು ಬಿಟ್ರೆ ಇಲ್ಲ. ಡ್ಯಾರೆನ್ ಬಂದ್ನೋ, ಮುಗೀತು ಕತೆ."

ಡ್ಯಾರೆನ್ ಅಂದರೆ ಗುತ್ತಿಗೆ ಕೆಲಸದ ಮೇಸ್ತ್ರಿ. ವಾಲಿದ ಕಲ್ಲು ಯಾರ ಮೇಲಾದರೂ ಬಿದ್ದೀತೆಂದು ಅವನ ತಂಡ ಒಂದೊಂದನ್ನೇ ನೆಲಕ್ಕೆ ಮಲಗಿಸುತ್ತ ಬಂದಿದೆ, ಅದೂ ಮುಖ ಅಡಿ ಮಾಡಿ. ಆಮೇಲೆ ಆ ಹೆಸರುಗಳನ್ನು ಓದಲು ಎರೆಹುಳುಗಳೇ ಬರಬೇಕು. ಇವತ್ತು ಈ ಕಲ್ಲಿನ ಸರದಿ.

ಗ್ಲೆಂಡಾ ನಮ್ಮ ಬೀದಿಯವರು. ಹದಿನಾರಕ್ಕೇ ಉಣ್ಣೆ ಗಿರಣಿ ಸೇರಿದವರು, ಅದು ಬಾಗಿಲು ಹಾಕಿದ ಮೇಲೆ ಶಾಲೆಯ ಅಡುಗೆಮನೆ ಸೇರಿದರು. ಒಂಬತ್ತಕ್ಕೆ ಅಲ್ಲಿ ಆಲೂಗೆಡ್ಡೆ ಸುಲಿಯಲು ಕೂರಬೇಕು. ಅದಕ್ಕೂ ಮುಂಚೆ, ಬಿಸಿಲಿರುವ ಬೆಳಗುಗಳಲ್ಲೆಲ್ಲ, ಇಲ್ಲಿ ಕಲ್ಲು ಓದುತ್ತಾರೆ. ತಮ್ಮ ಮುತ್ತಜ್ಜನ ಜಾಡು ಹುಡುಕಿಕೊಂಡು ಬರುವವರಿಗೆ "ನಿಮ್ಮೋರು ಇಲ್ಲಿದಾರೆ ನೋಡಿ" ಎಂದು ತೋರಿಸುತ್ತಾರೆ. ಹನ್ನೊಂದು ವರ್ಷವಾಯಿತು. ಯಾರೂ ಸಂಬಳ ಕೊಡುವುದಿಲ್ಲ, ಇವರೂ ಕೇಳಿಲ್ಲ.

ಓದುವ ವಿದ್ಯೆ ಇಷ್ಟೇ. ಬಿಸಿಲು ಕಲ್ಲಿನ ಮುಖಕ್ಕೆ ನೇರ ಬಿದ್ದರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಸವರಿಕೊಂಡು ಹೋದರೆ ಸವೆದ ಅಕ್ಷರದ ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಸೂರ್ಯ ತಗ್ಗಿನಲ್ಲಿರುವ ಸ್ವಲ್ಪ ಹೊತ್ತು, ಆ ಬೆಳಕನ್ನು ಕನ್ನಡಿಯಲ್ಲಿ ಹಿಡಿದು ಬೇಕಾದ ಕಡೆಯಿಂದ ಹಾಯಿಸಬೇಕು. ಬ್ಯಾಟರಿ ದೀಪ ಯಾಕಾಗದು ಎಂದು ಕೇಳಿದೆ. "ಆಗುತ್ತೆ, ಹೊಸ ಕಲ್ಲಿಗೆ. ಇಷ್ಟು ಸವೆದಿರೋದಕ್ಕೆ ಸೂರ್ಯನೇ ಬೇಕು ಚಿನ್ನ," ಅಂದರು. ಇವರಿಗೆ ಬಸ್ ಡ್ರೈವರನಿಂದ ಪಾದ್ರಿಯವರೆಗೆ ಎಲ್ಲರೂ ಚಿನ್ನವೇ.

ಇಲ್ಲಿರುವವರೆಲ್ಲ ವಿಕ್ಟೋರಿಯಾ ರಾಣಿ ಕಾಲದ ಗಿರಣಿ ಮಂದಿ. ಸ್ವಂತ ಗುಂಡಿ ಕೊಳ್ಳುವ ತಾಕತ್ತು ಅವರಿಗೆಲ್ಲಿತ್ತು? ಒಂದೊಂದು ಗುಂಡಿಯಲ್ಲೂ ಗುರುತು ಪರಿಚಯವಿಲ್ಲದ ಹತ್ತು ಜನ, ಮೇಲೆ ಹಂಚಿಕೊಂಡ ಒಂದೇ ಕಲ್ಲು. ಸಾವಿನ ಖರ್ಚಿಗೆಂದು ವಾರವಾರ ಚೀಟಿ ಕಟ್ಟಿದ ಮನೆಯವರು ಸ್ವಲ್ಪ ಹೆಚ್ಚು ಕೊಟ್ಟರೆ ಅದರಲ್ಲೊಂದು ಸಾಲು ಕೆತ್ತಿಸಬಹುದಿತ್ತು. ಕೊಡದವರು ಹೆಸರಿಲ್ಲದೆ ಮಣ್ಣಾದರು. ಇದು ಗೊತ್ತಿಲ್ಲದ ಕೆನಡಾದ ಒಬ್ಬ ಮಹಾನುಭಾವ ಕಲ್ಲಿನ ಮೇಲಿದ್ದ ಹತ್ತೂ ಜನರನ್ನು ತನ್ನ ವಂಶಕ್ಕೆ ಸೇರಿಸಿಕೊಂಡು, ಹತ್ತು ಹೂಗುಚ್ಛ ಇಟ್ಟು, ಅತ್ತು ಹೋಗಿದ್ದನಂತೆ. "ಹೇಳ್ಬೋದಿತ್ತು," ಅನ್ನುತ್ತಾರೆ ಗ್ಲೆಂಡಾ. "ಆದ್ರೆ ಉಳಿದ ಒಂಬತ್ತು ಜನಕ್ಕೆ ಹೂ ಇಡೋರು ಯಾರಿದ್ರು, ಪಾಪ!"

ಇವತ್ತಿನ ತಳಮಳ ವಿನಿಫ್ರೆಡ್ ಎಂಬ ಮುದುಕಿಯದು. ಗುಡ್ಡದ ಕೆಳಗಿನ ವೃದ್ಧಾಶ್ರಮದಲ್ಲಿದ್ದಾರೆ, ತೊಂಬತ್ತಮೂರು ವರ್ಷ. ಬೀದಿಯವರಿಗೆಲ್ಲ ವಿನ್ ಆಂಟಿ. ಅವರನ್ನು ಸಾಕಿದ್ದು ಅಜ್ಜಿ ಸಾರಾ. ಸಾರಾ ಹನ್ನೊಂದು ವರ್ಷದವಳಿದ್ದಾಗ, ಅರ್ಧ ದಿನ ಶಾಲೆ ಅರ್ಧ ದಿನ ಗಿರಣಿ ಎಂದು ದುಡಿಯುತ್ತಿದ್ದಾಗ, ತಂಗಿ ಲೆಟಿಸ್ ತೀರಿಕೊಂಡಳು. ಮಗುವಿಗೆ ನಾಲ್ಕು ವರ್ಷ. ಚೀಟಿಗೆ ಸಾರಾಳ ದುಡಿಮೆಯೂ ಸೇರಿತ್ತು. ಹೆಸರು ಕೆತ್ತಿಸುತ್ತೇನೆಂದು ಅಪ್ಪ ಈನಾಕ್ ಬಾರ್‌ಸ್ಟೊ ಮಾತು ಕೊಟ್ಟಿದ್ದ. ಆ ವರ್ಷದ ಕ್ರಿಸ್ಮಸ್ ದಿನ ಹುಡುಗಿ ಓಡಿ ಬಂದು ನೋಡಿದರೆ ಕಲ್ಲಿನಲ್ಲಿ ತಂಗಿಯ ಹೆಸರೇ ಇಲ್ಲ. "ಕುಡಿದು ಹಾಕಿದ" ಎಂದು ಅವಳ ಮನಸ್ಸಿಗೆ ಬಂತು. ಬಂದದ್ದು ಮತ್ತೆ ಹೋಗಲಿಲ್ಲ. ಆಮೇಲೆ ಅವಳು ಈ ಕಡೆ ಕಾಲಿಡಲಿಲ್ಲ. ಮುಂದೆ ಅದೇ ಅಪ್ಪ ಮುದುಕನಾಗಿ, ಗತಿಯಿಲ್ಲದವರನ್ನು ದುಡಿಸಿ ಕೂಳು ಹಾಕುವ ವರ್ಕ್‌ಹೌಸ್‌ನಲ್ಲಿ ಸತ್ತಾಗ, ಹೆಣ ನೋಡಲೂ ಹೋಗಲಿಲ್ಲ.

ಲೆಟಿಸ್ ಇದೇ ಗುಂಡಿಯಲ್ಲಿದ್ದಾಳೆ, ಸ್ಮಶಾನದ ಹಳೆಯ ದಫ್ತರದಲ್ಲಿ ಬರೆದಿದೆ, ಅದರಲ್ಲಿ ಅನುಮಾನವಿಲ್ಲ. ಹೆಸರು ಕೆತ್ತಿಸಿದನೇ ಇಲ್ಲವೇ ಎಂಬುದನ್ನು ಮಾತ್ರ ಕಲ್ಲೇ ಹೇಳಬೇಕು. "ನಾನು ಹೋಗೋದ್ರೊಳಗೆ ಅದೊಂದು ಗೊತ್ತಾಗ್ಬೇಕು" ಎಂದು ವಿನ್ ಆಂಟಿ ಹಟ ಹಿಡಿದಿದ್ದಾರೆ. ಉಸಿರಾಟ ಬೇರೆ ಸರಿಯಿಲ್ಲ.

"ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಹಂಗಾಗಿದೆ ನನ್ ಸ್ಥಿತಿ," ಅನ್ನುತ್ತಾರೆ ಗ್ಲೆಂಡಾ. "ಹೆಸರಿಲ್ಲ ಅಂದ್ರೆ ಆ ಮಗು ಅನಾಥ. ಇದೆ ಅಂದ್ರೆ? ಅಜ್ಜಿ ಏನೂ ತಪ್ಪು ಮಾಡದ ಅಪ್ಪನ್ನ ಜೀವಮಾನ ಪೂರ್ತಿ ಶಪಿಸಿದಳು ಅಂತಾಯ್ತು. ಯಾವ ಬಾಯಲ್ಲಿ ಹೇಳ್ಲಿ ಇದನ್ನ?"

ಗೇಟಿನ ಹತ್ತಿರ ಲಾರಿ ನಿಂತ ಸದ್ದು. ಡ್ಯಾರೆನ್ ಚಹಾದ ಲೋಟ ಹಿಡಿದು ಬರುತ್ತಾನೆ.

"ಏನು ಗ್ಲೆಂಡಾ, ಸತ್ತೋರು ಯಾರಾದ್ರೂ ಎದ್ರಾ?"

"ನೀನು ಎದ್ದು ಬಂದಿದೀಯಲ್ಲಪ್ಪ, ಅದೇ ಪವಾಡ. ಸ್ವಲ್ಪ ಹೊತ್ತು ಆ ಕಡೆಯಿಂದ ಶುರು ಮಾಡೋ, ನಿನ್ನ ದಮ್ಮಯ್ಯ."

"ಚಹಾ ಮುಗಿಯೋವರೆಗೆ. ಆಮೇಲೆ ನನ್ನ ಬೈಬೇಡಿ, ಮೇಲಿನೋರು ನನ್ನ ತಲೆ ತಿಂತಾರೆ."

ಅವನು ಚಹಾವನ್ನು ಊದಿ ಊದಿ ಕುಡಿಯುತ್ತಾನೆ. ನನಗೋ ಆ ಲೋಟದ ಮೇಲೇ ಕಣ್ಣು. ದೇವರೇ, ಒಂದು ಚೂರು ಬಿಸಿಲು ಬರಬಾರದೇ ಎಂದುಕೊಳ್ಳುವಷ್ಟರಲ್ಲಿ ಮೋಡದ ಅಂಚು ಹರಿಯುತ್ತದೆ. ಗ್ಲೆಂಡಾ ಕನ್ನಡಿ ಎತ್ತುತ್ತಾರೆ. ಬೋಳು ಕಲ್ಲಿನ ಮೇಲೆ ಅಕ್ಷರಗಳು ಏಳುತ್ತವೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಅವರು ಜೋರಾಗಿ ಓದುತ್ತಾರೆ, ಒಬ್ಬೊಬ್ಬರನ್ನೇ ಕರೆದ ಹಾಗೆ: ನೇಕಾರ, ನೇಕಾರನ ಹೆಂಡತಿ, ಆರು ವಾರದ ಕೂಸು. ಒಂಬತ್ತನೆಯ ಹೆಸರಿನ ಕೆಳಗೆ ಹುಲ್ಲು. ಲೆಟಿಸ್ ಇಲ್ಲ.

ಮೋಡ ಮತ್ತೆ ಮುಚ್ಚುತ್ತದೆ. ಗ್ಲೆಂಡಾ ಕನ್ನಡಿ ಕೆಳಗಿಡುತ್ತಾರೆ. "ಕುಡಿದೇ ಹಾಕಿದ್ನೇನೋ," ಎಂದು ನಾನೇ ಬಾಯಿ ಬಿಡುತ್ತೇನೆ. ಅವರು ನನ್ನ ಮಾತು ಕೇಳಿಸಿಕೊಳ್ಳದೆ ಪಕ್ಕದ ಕಲ್ಲು ನೋಡುತ್ತಾರೆ, ಅದರ ಪಕ್ಕದ್ದನ್ನು ನೋಡುತ್ತಾರೆ.

"ಇದು ಗಿಡ್ಡ," ಅನ್ನುತ್ತಾರೆ. "ನೋಡಿಲ್ಲಿ, ಉಳಿದೋವೆಲ್ಲ ಒಂದೇ ಎತ್ತರ. ಇದು ಮುಂದಕ್ಕೆ ವಾಲಿದ್ದಷ್ಟೇ ಅಲ್ಲ, ಕುಸಿದಿದೆ!"

ಕೋಟಿನ ಜೇಬಿನಿಂದ ಶಾಲೆಯ ಅಡುಗೆಮನೆಯ ಚಮಚ ಬರುತ್ತದೆ. ಅಗೆಯಲು ಅನುಮತಿ ಇಲ್ಲ. ಡ್ಯಾರೆನ್ ಮುಖ ತಿರುಗಿಸಿ, "ನಾನೇನೂ ನೋಡ್ಲಿಲ್ಲ," ಅಂತ ಖಾಲಿ ಲೋಟವನ್ನು ಇನ್ನೊಮ್ಮೆ ಕುಡಿಯುತ್ತಾನೆ. ಗ್ಲೆಂಡಾ ಹುಲ್ಲಿನ ಬೇರು ಬಿಡಿಸಿ, ಮಣ್ಣು ಕೆರೆದು, ಬರಿಗೈಯಲ್ಲಿ ಒರೆಸುತ್ತಾರೆ. ಅಲ್ಲಿ ಒಂದು ಸಾಲು ಇದೆ. ಮಳೆ, ಹೊಗೆ ತಾಗದೆ ಮಣ್ಣಿನಲ್ಲೇ ಉಳಿದ ಅಕ್ಷರ ನಿನ್ನೆ ಕೆತ್ತಿದಷ್ಟು ಚೊಕ್ಕ. ಕನ್ನಡಿಯೂ ಬೇಡ, ಬಿಸಿಲೂ ಬೇಡ. 'ಹಾಗೂ ಲೆಟಿಸ್, ಈನಾಕ್ ಬಾರ್‌ಸ್ಟೊ ಮಗಳು, ವಯಸ್ಸು ನಾಲ್ಕು.'

"ಅಯ್ಯೋ ಕರ್ಮವೇ," ಎಂದು ಗ್ಲೆಂಡಾ ಗೋಣಿಚೀಲದ ಮೇಲೆ ಕುಸಿದು ಕೂರುತ್ತಾರೆ. "ಕಲ್ಲುಕುಟಿಗ ಆಗಿಂದಾಗ್ಗೆ ಬರ್ತಿರ್ಲಿಲ್ಲ ಚಿನ್ನ. ನಾಲ್ಕಾರು ಹೆಸರು ಸೇರಿದ ಮೇಲೆ, ಚಳಿ ಕಳೆದ ಮೇಲೆ, ಒಟ್ಟಿಗೆ ಕೆತ್ತೋನು. ಹುಡುಗಿ ಕ್ರಿಸ್ಮಸ್‌ಗೇ ಬಂದು ನೋಡ್ಬಿಟ್ಳು. ವಸಂತದಲ್ಲಿ ಇನ್ನೊಂದ್ಸಲ ಬಂದಿದ್ರೆ ಆಗೋದು."

ಮಧ್ಯಾಹ್ನ, ಅಡುಗೆಮನೆ ಕೆಲಸ ಮುಗಿಸಿ ಬಂದ ಗ್ಲೆಂಡಾ ವೃದ್ಧಾಶ್ರಮದ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. "ಹೇಳದಿದ್ರೆ ಆಗಲ್ವಾ?" ಎಂದು ನನ್ನನ್ನು ಕೇಳುತ್ತಾರೆ. ನಾನು ಬಾಗಿಲು ತಳ್ಳುತ್ತೇನೆ. ಒಳಗೆ ವಿನ್ ಆಂಟಿ ದಿಂಬಿಗೊರಗಿ ಬಾಗಿಲನ್ನೇ ನೋಡುತ್ತಿದ್ದಾರೆ.

"ಏ ಹುಡುಗಿ, ನಿನ್ ಮುಖ ನೋಡಿದ್ರೇ ಗೊತ್ತಾಗುತ್ತೆ. ಇಲ್ಲ ತಾನೇ?"

"ಇದೆ ವಿನ್ ಆಂಟಿ. ಕೆತ್ತಿಸಿದ್ದ."

ಮುದುಕಿ ಹೊದಿಕೆಯ ಅಂಚನ್ನು ಮಡಿಸುತ್ತಾರೆ, ಬಿಚ್ಚುತ್ತಾರೆ. ಗ್ಲೆಂಡಾ ಅವರ ಕೈ ಹಿಡಿದುಕೊಂಡು ಕಲ್ಲುಕುಟಿಗನ ವಿಷಯವನ್ನೆಲ್ಲ ಹೇಳುತ್ತಾರೆ.

"ಪಾಪ, ಮುದುಕ," ಅನ್ನುತ್ತಾರೆ ವಿನ್ ಆಂಟಿ ಕೊನೆಗೆ. ಕಣ್ಣೀರು ಸುಮ್ಮನೆ ಇಳಿಯುತ್ತಿದೆ. "ನಾನೂ ಬೈದಿದೀನಿ ಅವನಿಗೆ. ಮುಖ ನೋಡದೇ ಇದ್ದೋನಿಗೆ, ಅಜ್ಜಿ ಬೈದಳು ಅಂತ ನಾನೂ. ಎಲ್ಲಿ ಹಾಕಿದಾರೆ ಅವನನ್ನ?"

"ವರ್ಕ್‌ಹೌಸ್‌ನೋರಿಗೆ ಕಲ್ಲು ಇಡ್ತಿರ್ಲಿಲ್ಲ ಆಂಟಿ. ಜಾಗ ಹೇಳೋಕಾಗಲ್ಲ."

"ಸರಿ ಹಂಗಾದ್ರೆ. ನನಗೆ ಅಂತ ಒಂದು ಕಲ್ಲು ಹೇಳಿಟ್ಟಿದೀನಲ್ಲ, ಅದರಲ್ಲಿ ಮೊದಲು ಅವನ ಹೆಸರು ಕೆತ್ತಿಸು. ಕೆಳಗೆ ನಂದು. ಕಲ್ಲು ಹಂಚ್ಕೊಳ್ಳೋದು ನಮ್ಮ ಮನೆತನಕ್ಕೇನು ಹೊಸದೇ?"

ಹೊರಗೆ ಬಂದ ಮೇಲೆ ಗ್ಲೆಂಡಾ ಉಗುರಿನ ಸಂದಿನ ಮಣ್ಣು ತೆಗೆಯುತ್ತ ನಡೆಯುತ್ತಾರೆ. ಮುಂದೇನು ಎಂದು ಕೇಳುತ್ತೇನೆ.

"ಕಲ್ಲುಕುಟಿಗನ ಹತ್ರ ನಾನೇ ಹೋಗಿ ಕೂತು ಕೆತ್ತಿಸ್ತೀನಿ," ಅನ್ನುತ್ತಾರೆ. "ಆಳವಾಗಿ. ಇನ್ನು ನೂರು ವರ್ಷ ಆದ್ಮೇಲೆ ಯಾರಾದ್ರೂ ಬಂದ್ರೆ, ಅವರು ಕನ್ನಡಿ ಹಿಡಿಯೋ ಹಂಗಾಗಬಾರದು."